ಮನೆಯಲ್ಲೇ ಟಿಪಿಎನ್ ತರಬೇತಿ: ಕೈ ಪಳಗಿಸಿದರು, ರಾತ್ರಿಯ ಅಲಾರಂ ಮರೆತರು

5ಕ್ಕೆ 3.5

ಬೆಂಗಳೂರಿನ ಆಸ್ಪತ್ರೆಯೊಂದರ ಈ ಸೇವೆ ಬಳಸಿ ವರ್ಷ ತುಂಬಿತು. ಟಿಪಿಎನ್ ಅಂದರೆ ಕರುಳಿನಿಂದ ಪೋಷಣೆ ದಕ್ಕದವರಿಗೆ ಸಕ್ಕರೆ, ಪ್ರೋಟೀನ್, ಕೊಬ್ಬು ಬೆರೆಸಿದ ಬ್ಯಾಗನ್ನು ನೇರ ರಕ್ತನಾಳಕ್ಕೆ ಹರಿಸುವ ಫೀಡ್. ಡಿಸ್ಚಾರ್ಜ್‌ಗೆ ಮುಂಚೆ ಐದು ದಿನ ಪಾಠ. ಮೊದಲ ದಿನ ಸಿಸ್ಟರ್ ಮಾಡಿ ತೋರಿಸುತ್ತಾರೆ, ಆಮೇಲೆ ಕೈಕಟ್ಟಿ ನಿಂತು "ಈಗ ನೀವು ಮಾಡಿ, ಯಾಕೆ ಅಂತಲೂ ಹೇಳಿ" ಅನ್ನುತ್ತಾರೆ. ಆ 'ಯಾಕೆ'ಗೇ ಕೊಟ್ಟ ದುಡ್ಡು ಸಾರ್ಥಕ.

ಲೈನಿನ, ಅಂದರೆ ರಕ್ತನಾಳಕ್ಕೆ ಹಾಕಿಟ್ಟ ಪೈಪಿನ, ತುದಿಯನ್ನೇ ನೋಡಿ. ಸ್ಪಿರಿಟ್ ಸ್ವ್ಯಾಬ್ ಒತ್ತಿ ಹಿಡಿದು, ನಿಂಬೆಹಣ್ಣು ಹಿಂಡಿದ ಹಾಗೆ ತಿರುವುತ್ತಾ 15 ಸೆಕೆಂಡ್ ಉಜ್ಜಬೇಕು. ಆಮೇಲೆ ತಾನಾಗಿ ಒಣಗಲು ಬಿಡಬೇಕು. ಎಡವುವುದು ಒಣಗಿಸುವಲ್ಲೇ. ಅವಸರಕ್ಕೆ ಬಾಯಿಂದ ಊದಿದರೆ ಉಜ್ಜಿದ್ದೆಲ್ಲ ವ್ಯರ್ಥ, ಬಾಯಿಯ ಕ್ರಿಮಿ ನೇರ ರಕ್ತಕ್ಕೆ. ಬಳಸಿದ ಸ್ವ್ಯಾಬನ್ನೇ ಮತ್ತೆ ಬಳಸಿ ಉಳಿಸಲು ಹೋಗಬೇಡಿ. ಬ್ಯಾಗಿಗೆ ಸುರಿಯುವ ದುಡ್ಡಿನ ಮುಂದೆ ಅದು ಯಾವ ಲೆಕ್ಕ!

ಸಂಜೆಯ ಕೆಲಸ ಈಗ ದೇವರಿಗೆ ದೀಪ ಹಚ್ಚಿದಷ್ಟೇ ರೂಢಿ. ಒಂಬತ್ತಕ್ಕೆ ಶುರುಮಾಡಬೇಕೆಂದರೆ ಏಳಕ್ಕೇ ಬ್ಯಾಗ್ ಫ್ರಿಜ್ಜಿನಿಂದ ಹೊರಗೆ. ಬಿಸಿನೀರಿಗೆ ಇಳಿಸುವಂತಿಲ್ಲ, ಮೈಕ್ರೋವೇವ್ ಅಂತೂ ಬೇಡವೇ ಬೇಡ. ಟ್ಯೂಬ್‌ಲೈಟ್ ಕೆಳಗೆ ಹಿಡಿದರೆ ಹಾಲಿನಂತೆ ಒಂದೇ ಬಣ್ಣ ಕಾಣಬೇಕು. ಆರಿದ ಸಾರಿನ ಮೇಲಿನ ತುಪ್ಪದ ಹಾಗೆ ಹಳದಿ ಎಣ್ಣೆ ಹನಿ, ಗೆರೆ ಕಂಡರೆ ಕೊಬ್ಬು ಒಡೆದಿದೆ ಎಂದರ್ಥ. ಆ ಬ್ಯಾಗ್ ಎಷ್ಟೇ ದುಬಾರಿಯಾದರೂ ಹಾಕುವಂತಿಲ್ಲ. ಆಮೇಲೆ ಫ್ಯಾನ್ ಆಫ್, ಕಿಟಕಿ ಬಂದ್, ಕೈ ತೊಳೆಯುವುದು, 1.2 ಮೈಕ್ರಾನ್ ಫಿಲ್ಟರ್ ಇರುವ ಹೊಸ ಸೆಟ್ಟು (ಬ್ಯಾಗಿನಿಂದ ಲೈನಿಗೆ ಹೋಗುವ ಪೈಪು), ಗಾಳಿಗುಳ್ಳೆ ಪೂರ್ತಿ ಹೋಗುವವರೆಗೆ ಆ ಪೈಪು ತುಂಬಿಸುವುದು. ಸೆಟ್ಟು ದಿನಕ್ಕೊಂದು.

ಇಷ್ಟು ಅಚ್ಚುಕಟ್ಟಾಗಿ ಕಲಿಸಿದವರು ರಾತ್ರಿ ಎರಡು ಗಂಟೆಯನ್ನು ಮರೆತೇಬಿಟ್ಟಿದ್ದಾರೆ. ವಾರ್ಡಿನಲ್ಲಿ ಫೀಡ್ ಹರಿಸುವ ಪಂಪ್ ಕೂಗಿದರೆ ಸಿಸ್ಟರ್ ಓಡಿ ಬರುತ್ತಾರೆ, ಹಾಗಾಗಿ ಅದು ಪಾಠವೇ ಆಗುವುದಿಲ್ಲ. 'ಅಕ್ಲೂಷನ್' (ಹರಿವಿಗೆ ತಡೆ) ಅಂತ ಬಂದರೆ ಮೊದಲು ಕ್ಲಾಂಪ್ (ಪೈಪು ಮುಚ್ಚುವ ಕ್ಲಿಪ್) ನೋಡಿ, ಆಮೇಲೆ ಮೈ ಕೆಳಗೆ ಮಡಿಸಿಕೊಂಡ ಪೈಪು, ಕೊನೆಗೆ ಫಿಲ್ಟರ್. ಆದರೂ ಹರಿಯದಿದ್ದರೆ ಸಿರಿಂಜ್ ಹಿಡಿದು ಬಲವಂತ ಮಾಡಬೇಡಿ. ಸಣ್ಣ ಸಿರಿಂಜ್‌ನ ಒತ್ತಡ ಜಾಸ್ತಿ, ಲೈನೇ ಸೀಳಬಹುದು. ಅದಕ್ಕೇ ಸಲೈನ್ ಹಾಕಲು 10 ಎಂಎಲ್‌ಗಿಂತ ಚಿಕ್ಕದು ಕೂಡದು.

ಕರೆಂಟ್ ಹೋದರೆ? ಪಂಪಿನ ಬ್ಯಾಟರಿ ಮೊದಲೇ ಪೂರ್ತಿ ಚಾರ್ಜ್ ಆಗಿರಬೇಕು, ಫ್ರಿಜ್ ಬಾಗಿಲು ತೆಗೆಯಬಾರದು, ಒಳಗೊಂದು ಥರ್ಮಾಮೀಟರ್ ಇರಲಿ: 2ರಿಂದ 8 ಡಿಗ್ರಿ. ಫೀಡ್ ತಟ್ಟನೆ ನಿಂತರೆ ಸಕ್ಕರೆ ಇಳಿದು ಬೆವರು, ನಡುಕ ಬರಬಹುದು. ಕೊನೆಯ ಒಂದು ಗಂಟೆ ವೇಗ ತಗ್ಗಿಸಲು ಹೇಳುವುದೂ ಇದೇ ಕಾರಣಕ್ಕೆ, ಆದರೆ ಆ ಸಂಬಂಧ ಯಾರೂ ಬಿಡಿಸಿ ಹೇಳಲಿಲ್ಲ. ಇಪ್ಪತ್ನಾಲ್ಕು ಗಂಟೆಯ ಸಹಾಯವಾಣಿ ಅನ್ನುತ್ತಾರೆ. ರಾತ್ರಿ ಸಿಗುವ ಉತ್ತರ ಒಂದೇ, "ಕ್ಯಾಶುವಾಲಿಟಿಗೆ ಬನ್ನಿ".

ಜ್ವರದ ಪಾಠಕ್ಕೆ ಮಾತ್ರ ಪೂರ್ತಿ ಅಂಕ. ಫೀಡ್ ಶುರುವಾದ ಮೇಲೆ ಚಳಿ ನಡುಕ, 38 ಡಿಗ್ರಿ ದಾಟಿದ ಜ್ವರ ಬಂದರೆ ಡೋಲೋ ನುಂಗಿ ಮಲಗುವುದಲ್ಲ. ಫೀಡ್ ನಿಲ್ಲಿಸಿ ಕ್ಲಾಂಪ್ ಹಾಕಿ ಆಗಲೇ ಆಸ್ಪತ್ರೆಗೆ ಹೊರಡಬೇಕು, ಬ್ಯಾಗನ್ನೂ ಜೊತೆಗೆ ಒಯ್ಯಬೇಕು. ಐದೂ ದಿನ ಕೇಳಿ ಕೇಳಿ ಬಾಯಿಪಾಠ ಮಾಡಿಸಿದರು.

ಸೇರುವವರು ಒಂದು ಅವಧಿ ಪಂಪಿನ ಅಲಾರಂಗೇ ಮೀಸಲಿಡಿ ಅಂತ ಮೊದಲೇ ಹೇಳಿ. ಫ್ರಿಜ್ಜಿಗೆ ಅಂಟಿಸುವ ಹಾಳೆ ಇಂಗ್ಲಿಷಿನದು ಕೊಡುತ್ತಾರೆ. ಕನ್ನಡದ್ದೂ ಇದೆ, ಬಾಯಿಬಿಟ್ಟು ಕೇಳಬೇಕು ಅಷ್ಟೆ.