ಮಾಲ್ಡೀವ್ಸ್‌ಗೆ ಕೆಲಸಕ್ಕೆ ಹೊರಟಿದ್ದೀರಾ? ಡಾಲರ್ ಮತ್ತು ಪರ್ಮಿಟ್ ವಿಷಯ ಮೊದಲು ನೋಡಿ

ಮಾಲ್ಡೀವ್ಸ್‌ನಲ್ಲಿ ಕೆಲಸ ಅಂದರೆ ನಮ್ಮ ಕುಂದಾಪುರ ಕಡೆಯ ಹೋಟೆಲ್ ಹುಡುಗರಿಗೆ ಭಾರೀ ಆಸೆ. ದುಬೈಗಿಂತ ಹತ್ತಿರ, ಬೆಂಗಳೂರಿನಿಂದ ಸುಮಾರು ಎರಡು ತಾಸಿನ ವಿಮಾನ. ಗಡಿಯಾರ ಕೂಡ ನಮ್ಮದಕ್ಕಿಂತ ಅರ್ಧ ಗಂಟೆ ಮಾತ್ರ ಹಿಂದೆ. ನಾನೂ ಅಲ್ಲಿಯ ಒಂದು ಗೆಸ್ಟ್‌ಹೌಸಿನ ಅಡುಗೆಮನೆಯಲ್ಲಿ ದುಡಿದು ಬಂದಿದ್ದೇನೆ. ಹೆಸರು ಹೇಳುವುದಿಲ್ಲ. ಆದರೆ ಅಲ್ಲಿ ನಮ್ಮನ್ನು ಸತಾಯಿಸಿದ್ದು ಯಾವುದು ಅಂತ ಹೇಳಲೇಬೇಕು.

ಮೊದಲನೆಯದು ಸಂಬಳ. ಏಜೆಂಟ್ ಹೇಳಿದ್ದು 500 ಡಾಲರ್, ಊಟ ರೂಮು ಫ್ರೀ. ಕೈಗೆ ಬಂದದ್ದು ರುಫಿಯಾ, ಅಂದರೆ ಅಲ್ಲಿಯ ದುಡ್ಡು. ಅಲ್ಲಿಯ ಸರ್ಕಾರಿ ದರ ಡಾಲರಿಗೆ 15.42 ರುಫಿಯಾ. ಅದೇ ಲೆಕ್ಕದಲ್ಲಿ 7,710 ರುಫಿಯಾ ಎಣಿಸಿ ಕೊಟ್ಟರು. ಕಾಗದದ ಮೇಲೆ ಸರಿಯೇ ಅಲ್ವಾ? ಆದರೆ ಆ ದರಕ್ಕೆ ನಮ್ಮಂಥವರಿಗೆ ಡಾಲರ್ ಸಿಗುವುದಿಲ್ಲ. ಬ್ಯಾಂಕಿಗೆ ಹೋದರೆ ತಿಂಗಳಿಗೆ ಇಷ್ಟೇ ಕಳಿಸಬಹುದು ಅನ್ನುವ ಮಿತಿ. ಉಳಿದದ್ದಕ್ಕೆ ಹೊರಗೆ ಕೊಳ್ಳಬೇಕು, ಅಲ್ಲಿ 20ರ ಹತ್ತಿರ ಕೇಳುತ್ತಾರೆ. ಪೂರ್ತಿ ಸಂಬಳ ಹಾಗೆ ಬದಲಾಯಿಸಿದರೆ 500 ಅಂದದ್ದು 385 ಡಾಲರ್ ಆಗುತ್ತದೆ. ಹೊರಗೆ ಕೊಳ್ಳುವುದು ಕಾನೂನಿಗೆ ವಿರುದ್ಧ, ಆ ಹೆದರಿಕೆ ಬೇರೆ. ಹೊಟ್ಟೆ ಉರಿಯುವ ಮಾತು ಅಂದರೆ, ಗೆಸ್ಟ್‌ಗಳು ಕೌಂಟರಿನಲ್ಲಿ ಕೊಡುತ್ತಿದ್ದದ್ದು ಮಾತ್ರ ಡಾಲರೇ.

ಆದ್ದರಿಂದ ಕರಾರಿನಲ್ಲಿ 'ಸಂಬಳ 500 ಡಾಲರ್' ಅಂತ ಇದ್ದರೆ ಸಾಲದು. 'ಡಾಲರಿನಲ್ಲೇ ಕೊಡುತ್ತೇವೆ' ಅಂತ ಬರೆಸಿಕೊಳ್ಳಿ. ಬರೆಯುವುದಿಲ್ಲ ಅಂದರೆ 385ರ ಲೆಕ್ಕದಲ್ಲೇ ಯೋಚನೆ ಮಾಡಿ. ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಒಳ್ಳೆ ಕುಕ್ ಆಗಿದ್ದರೆ ಅಷ್ಟು ಇಲ್ಲೇ ಸಿಗುತ್ತದೆ ಅಂತ ನನ್ನ ಅಭಿಪ್ರಾಯ.

ಎರಡನೆಯದು ಪರ್ಮಿಟ್, ಅಂದರೆ ಅಲ್ಲಿ ಕೆಲಸ ಮಾಡಲು ಬೇಕಾದ ಅನುಮತಿ. ಇದು ಇನ್ನೂ ಅಪಾಯ. 1979ರ ಒಪ್ಪಂದದ ಪ್ರಕಾರ ಭಾರತೀಯರು ವೀಸಾ ಇಲ್ಲದೆ ಪ್ರವಾಸಕ್ಕೆ ಹೋಗಿ 90 ದಿನ ಇರಬಹುದು. ಏಜೆಂಟರಿಗೆ ಇದೇ ಅನುಕೂಲ. 'ಟೂರಿಸ್ಟ್ ಆಗಿ ಹೋಗು, ಅಲ್ಲಿ ಪರ್ಮಿಟ್ ಮಾಡಿಸ್ತಾರೆ' ಅನ್ನುತ್ತಾರೆ. ಹಾಗೆ ಹೋಗಿ ಕೆಲಸ ಮಾಡಿದರೆ ಅಕ್ರಮ. ಇಸಿಆರ್ ಅಂದರೆ ಕೆಲಸಕ್ಕೆ ಹೊರಡುವ ಮೊದಲು ನಮ್ಮ ಸರ್ಕಾರದ ತಪಾಸಣೆ, ಅನುಮತಿ ಬೇಕು ಅಂತ ಪಾಸ್‌ಪೋರ್ಟಿನಲ್ಲಿರುವ ಗುರುತು. ಆ ಪಟ್ಟಿಯ 18 ದೇಶಗಳಲ್ಲಿ ಮಾಲ್ಡೀವ್ಸ್ ಇಲ್ಲ. ಹಾಗಾಗಿ ಗಲ್ಫ್‌ಗೆ ಹೋಗುವ ಇಸಿಆರ್ ಪಾಸ್‌ಪೋರ್ಟಿನವರಿಗೆ ಮಾಡುವ ತಪಾಸಣೆ ಇಲ್ಲಿಗೆ ಇಲ್ಲ, ಯಾರೂ ತಡೆದು ಕೇಳುವುದಿಲ್ಲ.

ನನ್ನ ರೂಮಿನಲ್ಲಿದ್ದ ಬಾಂಗ್ಲಾದೇಶದ ಒಬ್ಬ ಅಣ್ಣನ ಪರ್ಮಿಟ್ ಇದ್ದದ್ದು ಯಾವುದೋ ಕಟ್ಟಡ ಕಂಪನಿಯ ಹೆಸರಿನಲ್ಲಿ, ದುಡಿಯುತ್ತಿದ್ದದ್ದು ನಮ್ಮಲ್ಲಿ ಪಾತ್ರೆ ತೊಳೆಯುತ್ತಾ. ಯಾರ ಹೆಸರಿಗೆ ಪರ್ಮಿಟ್ ಇದೆಯೋ ಅವರಲ್ಲೇ ಕೆಲಸ ಮಾಡಬೇಕು, ಇಲ್ಲದಿದ್ದರೆ ಸಿಕ್ಕಿಬೀಳುವುದು ಕೆಲಸಗಾರ. ತಿಂಗಳ ಪರ್ಮಿಟ್ ಶುಲ್ಕ 350 ರುಫಿಯಾ ಮಾಲೀಕ ಕಟ್ಟಬೇಕು. ನಮ್ಮ ಮಾಲೀಕರು ಅದನ್ನೂ ಸಂಬಳದಲ್ಲಿ ಹಿಡಿದುಕೊಂಡರು, ಕಟ್ಟಿದರೋ ಇಲ್ಲವೋ ಗೊತ್ತಾಗುವಂತೆಯೂ ಇರಲಿಲ್ಲ. ಪಾಸ್‌ಪೋರ್ಟ್ 'ಪರ್ಮಿಟ್ ಕೆಲಸಕ್ಕೆ' ಅಂತ ತೆಗೆದುಕೊಂಡು ಡ್ರಾಯರಿನಲ್ಲಿ ಇಟ್ಟುಬಿಟ್ಟರು. ಅದು ಭಾರತ ಸರ್ಕಾರದ ಆಸ್ತಿ, ಮಾಲೀಕನದಲ್ಲ. ಇದನ್ನು ಗಟ್ಟಿಯಾಗಿ ಹೇಳಿದ ಮೇಲೆಯೇ ನನ್ನದು ಕೈಗೆ ಬಂತು.

ಕೆಲಸದ ಹೊತ್ತಿನ ಬಗ್ಗೆ ಜಾಸ್ತಿ ಹೇಳಲಾರೆ, ಹೋಟೆಲಿನವರಿಗೆ ಗೊತ್ತೇ ಇದೆ. ಅಲ್ಲಿಯ ಕಾನೂನು ವಾರಕ್ಕೆ 48 ಗಂಟೆ, ಒಂದು ದಿನ ರಜೆ ಅನ್ನುತ್ತದೆ. ನಮಗೆ ಬ್ರೇಕ್ ಶಿಫ್ಟ್: ತಿಂಡಿಗೆ ಬೆಳಗಿನ ಜಾವವೇ ಎದ್ದೇಳು, ನಡುವೆ ಬಿಡುವು, ರಾತ್ರಿ ಊಟದ ಪಾತ್ರೆ ಎತ್ತಿ ಮಲಗು. ಓಟಿ (ಹೆಚ್ಚು ದುಡಿದದ್ದಕ್ಕೆ ದುಡ್ಡು) ಕೇಳಿದರೆ ನಗು.

ಹೊರಡುವ ಮೊದಲು ಎಂಪ್ಲಾಯ್‌ಮೆಂಟ್ ಅಪ್ರೂವಲ್ (ನಿಮ್ಮನ್ನು ಕೆಲಸಕ್ಕೆ ತೆಗೆದುಕೊಳ್ಳಲು ಮಾಲ್ಡೀವ್ಸ್ ಸರ್ಕಾರ ಕೊಟ್ಟ ಒಪ್ಪಿಗೆ ಪತ್ರ) ಪ್ರತಿ ಕೇಳಿ, ಅದರಲ್ಲಿ ಮಾಲೀಕರ ಹೆಸರು ಮತ್ತು ನಿಮ್ಮ ಕೆಲಸ ಸರಿಯಿದೆಯೇ ನೋಡಿ. ಏಜೆಂಟ್ ವಿದೇಶಾಂಗ ಇಲಾಖೆಯಲ್ಲಿ ನೋಂದಾಯಿಸಿದವನಾ ಅಂತ ಆ ಇಲಾಖೆಯ ಇ-ಮೈಗ್ರೇಟ್ ತಾಣದಲ್ಲಿ ಹುಡುಕಿ. ನೋಂದಾಯಿತ ಏಜೆಂಟ್ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಜಾಸ್ತಿ ಶುಲ್ಕ ತೆಗೆದುಕೊಳ್ಳುವಂತಿಲ್ಲ. ದುಡ್ಡು ಕೊಟ್ಟರೆ ರಸೀದಿ ಬೇಕೇ ಬೇಕು.

ಈಗಾಗಲೇ ಅಲ್ಲಿದ್ದು ಸಂಬಳ ಬಾಕಿ ಇದ್ದವರು ರಾಜಧಾನಿ ಮಾಲೆಯ ಲೇಬರ್ ರಿಲೇಷನ್ಸ್ ಅಥಾರಿಟಿಗೆ (ಅಲ್ಲಿಯ ಕಾರ್ಮಿಕ ಇಲಾಖೆಯ ಕಚೇರಿ) ದೂರು ಕೊಡಿ, ಭಾರತೀಯ ಹೈಕಮಿಷನ್‌ಗೂ ನಮ್ಮ ಸರ್ಕಾರದ ದೂರಿನ ತಾಣ 'ಮದದ್' ಪೋರ್ಟಲ್ ಮೂಲಕ ತಿಳಿಸಿ. ಊರಿಗೆ ಬಂದ ಮೇಲೆ ನೋಡೋಣ ಅಂದುಕೊಳ್ಳಬೇಡಿ. ಕೆಲಸ ಬಿಡುವ ದಿನ ನನಗೆ ಬರಬೇಕಿದ್ದ ಬಾಕಿಯನ್ನು 'ಮುಂದಿನ ವಾರ ಖಾತೆಗೆ ಹಾಕ್ತೇವೆ' ಅಂದಿದ್ದರು. ವಿಮಾನ ಹತ್ತಿದ ಮೇಲೆ ಅವರ ಫೋನ್ ಎತ್ತುವವರೇ ಇಲ್ಲ.