ಚಿತ್ರಕಲಾವಿದರಿಗೆ ವ್ಯವಹಾರದ ಪಾಠ: ನಾಲ್ಕು ಭಾನುವಾರಗಳ ಶಿಬಿರವೊಂದರ ವಿಮರ್ಶೆ

ಚಿತ್ರ ಬರೆದು ಜೀವನ ನಡೆಸುವವರಿಗೆ ವ್ಯವಹಾರದ ತಿಳಿವಳಿಕೆ ನೀಡುವ ಶಿಬಿರವೊಂದು 2025ರ ನವೆಂಬರ್ ತಿಂಗಳ ನಾಲ್ಕು ಭಾನುವಾರಗಳಲ್ಲಿ ಬೆಂಗಳೂರಿನ ಬಸವನಗುಡಿಯಲ್ಲಿ ನಡೆಯಿತು. ಶುಲ್ಕ 6,500 ರೂಪಾಯಿ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ತರಗತಿ, ನಡುವೆ ಊಟ. ನಾವು ಇಪ್ಪತ್ತೆರಡು ಮಂದಿ ಇದ್ದೆವು. ನಾನು ಪ್ರತಿ ವಾರವೂ ಮೈಸೂರಿನಿಂದ ಬೆಳಗಿನ ರೈಲಿನಲ್ಲಿ ಹೋಗಿ ರಾತ್ರಿ ಹಿಂದಿರುಗುತ್ತಿದ್ದೆ. ಶಿಬಿರ ನಡೆಸಿದವರು ಮೂವರ ಸಣ್ಣ ತಂಡದವರು, ಮತ್ತು ಇದು ಅವರ ಎರಡನೆಯ ಪ್ರಯತ್ನ. ಕೊರತೆಗಳನ್ನೂ ಮುಚ್ಚಿಡದೆ ಬರೆಯಬೇಕಾಗಿರುವುದರಿಂದ ಅವರ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ಇಂತಹ ಯಾವುದೇ ಶಿಬಿರಕ್ಕೆ ಹಣ ಕಟ್ಟುವ ಮುನ್ನ ಏನನ್ನು ವಿಚಾರಿಸಿಕೊಳ್ಳಬೇಕೆಂಬುದು ಓದುಗರಿಗೆ ತಿಳಿದರೆ ಸಾಕು.

ನಾನು ಮೈಸೂರಿನ ಕಾವಾದಲ್ಲಿ, ಅಂದರೆ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಕಲಿತು, ಹದಿನಾಲ್ಕು ವರ್ಷಗಳಿಂದ ಸಾಂಪ್ರದಾಯಿಕ ಮೈಸೂರು ಶೈಲಿಯ ಚಿತ್ರಗಳನ್ನೂ ಜಲವರ್ಣದ ಭೂದೃಶ್ಯಗಳನ್ನೂ ಬರೆಯುತ್ತಿದ್ದೇನೆ. ಕಾಲೇಜಿನಲ್ಲಿ ರೇಖೆ, ಬಣ್ಣ, ಸಂಯೋಜನೆಗಳ ಬಗ್ಗೆ ಗುರುಗಳು ಹೇಳಿಕೊಟ್ಟದ್ದನ್ನು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತೇನೆ. ಆದರೆ ಬಿಲ್ಲನ್ನು ಹೇಗೆ ಬರೆಯಬೇಕು, ಮುಂಗಡ ಎಷ್ಟು ಕೇಳಬೇಕು, ಮಾರಿದ ಚಿತ್ರದ ಮೇಲೆ ನನಗೆ ಏನು ಉಳಿಯುತ್ತದೆ ಎಂಬುದನ್ನು ಅಲ್ಲಿ ಯಾರೂ ಹೇಳಲಿಲ್ಲ, ಕೇಳಬೇಕೆಂದು ನಮಗೂ ತೋಚಲಿಲ್ಲ. ಈ ಅಜ್ಞಾನಕ್ಕೆ ನಾನು ತೆತ್ತ ಬೆಲೆ ಎಷ್ಟೆಂಬುದು ಶಿಬಿರದ ಎರಡನೆಯ ಭಾನುವಾರ, ಕಾನೂನಿನ ತರಗತಿಯಲ್ಲಿ ಗೊತ್ತಾಯಿತು. ಆ ಒಂದು ದಿನಕ್ಕಾಗಿಯೇ ಶುಲ್ಕವನ್ನು ಮತ್ತೊಮ್ಮೆ ಕಟ್ಟಲು ನಾನು ಸಿದ್ಧ.

ಪಾಠ ಮಾಡಿದ ವಕೀಲೆಯವರು 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಸೆಕ್ಷನ್ನಿನಿಂದ ಆರಂಭಿಸಿದರು. ಕೃತಿಯನ್ನು ರಚಿಸಿದವರೇ ಅದರ ಮೊದಲ ಒಡೆಯರು ಎಂಬುದು ಸಾಮಾನ್ಯ ನಿಯಮ, ಅದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಅದರ ಅಪವಾದ: ಒಬ್ಬರು ಕೇಳಿಕೊಂಡದ್ದಕ್ಕೆ ಹಣ ಪಡೆದು ವರ್ಣಚಿತ್ರವನ್ನೋ ಭಾವಚಿತ್ರವನ್ನೋ ಬರೆದುಕೊಟ್ಟರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಕೃತಿಸ್ವಾಮ್ಯದ ಮೊದಲ ಒಡೆತನ ಬರೆಸಿದವರದ್ದಾಗುತ್ತದೆ. ಕೆಲವು ವರ್ಷಗಳ ಹಿಂದೆ ಅಗರಬತ್ತಿ ತಯಾರಿಸುವ ಸಂಸ್ಥೆಯೊಂದಕ್ಕೆ, ಪೆಟ್ಟಿಗೆಯ ಮೇಲೆ ಅಚ್ಚು ಹಾಕಿಸಲೆಂದು, ಗಜಲಕ್ಷ್ಮಿಯ ಚಿತ್ರವೊಂದನ್ನು ನಾನು ಬರೆದುಕೊಟ್ಟಿದ್ದೆ. ಮಾತೆಲ್ಲ ಬಾಯಿಮಾತಿನಲ್ಲೇ ಮುಗಿದಿತ್ತು. ಮುಂದೆ ಅದೇ ಚಿತ್ರ ಅವರ ಕ್ಯಾಲೆಂಡರಿನಲ್ಲಿ ಸತತ ಮೂರು ವರ್ಷ ಬಂದಿತು, ಅದೂ ನನ್ನ ರುಜು ಇದ್ದ ಕೆಳ ಅಂಚನ್ನು ಕತ್ತರಿಸಿದ ರೂಪದಲ್ಲಿ. ಅದನ್ನು ಕಳವು ಎಂದೇ ನಾನು ಇಷ್ಟು ದಿನ ಭಾವಿಸಿದ್ದೆ. ಒಂದು ಸಾಲಿನ ಬರಹವಿಲ್ಲದೆ ಚಿತ್ರವನ್ನು ಕೊಟ್ಟ ದಿನವೇ ಅದನ್ನು ಮುದ್ರಿಸುವ ಹಕ್ಕು ನನ್ನ ಕೈಬಿಟ್ಟಿತ್ತು ಎಂಬುದನ್ನು ಆ ತರಗತಿಯಲ್ಲಿ ಕೇಳಿದಾಗ ನನಗೆ ಆದ ಸಂಕಟವನ್ನು ಇಲ್ಲಿ ವಿವರಿಸಲಾರೆ.

ಆದರೆ ವಕೀಲೆಯವರು ಅಲ್ಲಿಗೇ ನಿಲ್ಲಿಸಲಿಲ್ಲ. ಒಡೆತನ ಹೋದರೂ ಕೃತಿಯ ಕರ್ತೃ ಎಂದು ಗುರುತಿಸಿಕೊಳ್ಳುವ ಹಕ್ಕು, ಮತ್ತು ಕರ್ತೃವಿನ ಮರ್ಯಾದೆಗೆ ಕುಂದು ತರುವಂತೆ ಕೃತಿಯನ್ನು ವಿರೂಪಗೊಳಿಸುವುದನ್ನು ತಡೆಯುವ ಹಕ್ಕು, 57ನೆಯ ಸೆಕ್ಷನ್ನಿನ ಪ್ರಕಾರ ಕಲಾವಿದರಲ್ಲಿಯೇ ಉಳಿಯುತ್ತದೆ ಎಂದು ತಿಳಿಸಿ, ಶಿಲ್ಪಿ ಅಮರ್‌ನಾಥ್ ಸೆಹಗಲ್ ಅವರ ಮೊಕದ್ದಮೆಯನ್ನು ನಿಧಾನವಾಗಿ ಬಿಡಿಸಿ ಹೇಳಿದರು. ದೆಹಲಿಯ ವಿಜ್ಞಾನ ಭವನದ ಗೋಡೆಗೆಂದು ಕೇಂದ್ರ ಸರ್ಕಾರವೇ 1957ರಲ್ಲಿ ಅವರಿಂದ ಬೃಹತ್ತಾದ ಕಂಚಿನ ಭಿತ್ತಿಶಿಲ್ಪವನ್ನು ಮಾಡಿಸಲು ಮುಂದಾಯಿತು. 1979ರಲ್ಲಿ ಅವರ ಅನುಮತಿ ಪಡೆಯದೆ ಅದನ್ನು ಗೋಡೆಯಿಂದ ಕಿತ್ತು ಉಗ್ರಾಣಕ್ಕೆ ಸಾಗಿಸಲಾಯಿತು. 2005ರಲ್ಲಿ ದೆಹಲಿ ಹೈಕೋರ್ಟ್ ಶಿಲ್ಪದ ಅವಶೇಷಗಳನ್ನು ಅವರಿಗೆ ಮರಳಿಸಬೇಕೆಂದೂ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದೂ ತೀರ್ಪು ನೀಡಿತು. ಶಾಲೆಯ ಗೋಡೆ, ಬಸ್ ನಿಲ್ದಾಣದ ಗೋಡೆ, ಕಲ್ಯಾಣಮಂಟಪದ ಗೋಡೆ ಎಂದು ಭಿತ್ತಿಚಿತ್ರಗಳನ್ನು ಬರೆದೇ ಜೀವಿಸುವ ನಾಲ್ವರು ನಮ್ಮ ತಂಡದಲ್ಲಿದ್ದರು. ಅವರು ಈ ತೀರ್ಪಿನ ವಿವರವನ್ನು ಮತ್ತೆ ಮತ್ತೆ ಕೇಳಿ ಬರೆದುಕೊಂಡರು.

ಗದಗದ ಕಡೆಯಿಂದ ಬಂದಿದ್ದ, ನಿವೃತ್ತರಾದ ಡ್ರಾಯಿಂಗ್ ಮೇಷ್ಟ್ರೊಬ್ಬರು ಎದ್ದು ಕೇಳಿದ ಪ್ರಶ್ನೆ ಇಡೀ ಶಿಬಿರದಲ್ಲಿ ಕೇಳಿಬಂದ ಅತ್ಯುತ್ತಮ ಪ್ರಶ್ನೆಯಾಗಿತ್ತು: "ದೇವಸ್ಥಾನದವರ ಹತ್ರ ಕರಾರ್ ಪತ್ರ ಹ್ಯಾಂಗ ಕೇಳೋದ್ರಿ ಮೇಡಂ? ನಮ್ಮ ಮ್ಯಾಲೆ ನಂಬಿಕಿ ಇಲ್ಲೇನು ಅಂತಾರ." ಅದಕ್ಕೆ ದೊರೆತ ಉತ್ತರ ನನಗೆ ಬಹಳ ಮೆಚ್ಚಿಗೆಯಾಯಿತು. ಕರಾರು ಎಂಬ ಪದವನ್ನೇ ಬಳಸಬೇಕಾಗಿಲ್ಲ. ಕೆಲಸ ವಹಿಸಿದ್ದಕ್ಕೆ ವಂದನೆ ತಿಳಿಸುವ ಪತ್ರವೊಂದನ್ನು ಬರೆದು, ಅದರಲ್ಲಿಯೇ ಅಳತೆ, ಮೊತ್ತ, ಮುಂಗಡ, ಮುಗಿಸುವ ದಿನ ಮತ್ತು ಕೃತಿಸ್ವಾಮ್ಯ ಯಾರದ್ದೆಂಬ ಒಂದು ವಾಕ್ಯವನ್ನು ಸೇರಿಸಿ, ಕೆಳಗೆ "ಒಪ್ಪಿದ್ದೇವೆ" ಎಂದು ರುಜು ಹಾಕಿಸಿಕೊಂಡರೆ ಸಾಕು, ಅದೂ ಆಗದಿದ್ದರೆ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿ ಒಪ್ಪಿಗೆಯ ಉತ್ತರವನ್ನಾದರೂ ಪಡೆಯಿರಿ ಎಂದರು. ಹಕ್ಕನ್ನು ಬರೆದುಕೊಡುವಾಗ ಅವಧಿಯನ್ನು ನಮೂದಿಸದಿದ್ದರೆ ಅದು ಐದು ವರ್ಷವೆಂದೂ, ಪ್ರದೇಶವನ್ನು ಹೇಳದಿದ್ದರೆ ಇಡೀ ಭಾರತವೆಂದೂ ಕಾನೂನು ಭಾವಿಸುತ್ತದೆ ಎಂಬುದನ್ನು, ಕ್ಯಾಲೆಂಡರ್ ಮತ್ತು ಲಗ್ನಪತ್ರಿಕೆಗಳ ಮುದ್ರಕರಿಗೆ ಚಿತ್ರ ಕೊಡುವವರೆಲ್ಲ ಮನದಲ್ಲಿಟ್ಟುಕೊಳ್ಳಬೇಕು. ಹತ್ತು ಸಾವಿರಕ್ಕಿಂತ ಹೆಚ್ಚಿನ ಬೆಲೆಗೆ ಮೂಲಚಿತ್ರ ಮರುಮಾರಾಟವಾದರೆ ಕಲಾವಿದರಿಗೆ ಪಾಲು ಸಲ್ಲಬೇಕೆಂಬ 53ಎ ಸೆಕ್ಷನ್ನಿನ ಪ್ರಸ್ತಾಪವೂ ಬಂದಿತು, ಆದರೆ ಅದು ಆಚರಣೆಯಲ್ಲಿ ಕಾಣಸಿಗುವುದು ಅಪರೂಪವಾದ್ದರಿಂದ ಚರ್ಚೆ ಬೆಳೆಯಲಿಲ್ಲ.

ಮೊದಲ ಭಾನುವಾರದ ದರ ನಿಗದಿಯ ತರಗತಿಯ ಬಗ್ಗೆ ನನಗೆ ಇಷ್ಟು ಸಮಾಧಾನವಿಲ್ಲ. ತರಬೇತುದಾರರು ಜಾಹೀರಾತು ಕ್ಷೇತ್ರದಿಂದ ಬಂದವರು, ಲೆಕ್ಕದಲ್ಲಿ ಚುರುಕು. ಚದರ ಅಂಗುಲಕ್ಕೆ ಇಷ್ಟೆಂದು ದರ ಹಚ್ಚುವ ನಮ್ಮ ರೂಢಿಯಲ್ಲಿರುವ ದೋಷವನ್ನು ಅವರು ಚೆನ್ನಾಗಿ ತೋರಿಸಿದರು. ಚದರ ಅಂಗುಲಕ್ಕೆ 20 ರೂಪಾಯಿಯಂತೆ 12 ಅಂಗುಲ ಉದ್ದಗಲದ ಚಿತ್ರಕ್ಕೆ 2,880 ರೂಪಾಯಿ ಆಗುತ್ತದೆ. ಅದೇ ದರದಲ್ಲಿ 36 ಅಂಗುಲ ಅಗಲ, 48 ಅಂಗುಲ ಎತ್ತರದ ಚಿತ್ರಕ್ಕೆ 34,560 ರೂಪಾಯಿ ಆಗುತ್ತದೆ, ಅಂದರೆ ಹನ್ನೆರಡು ಪಟ್ಟು. ದೊಡ್ಡ ಚಿತ್ರ ಯಾರ ಕೈಗೂ ಎಟುಕದೆ ಗೋಡೆಗೊರಗಿ ಉಳಿಯುತ್ತದೆ, ಚಿಕ್ಕದಕ್ಕೆ ಶ್ರಮದ ಬೆಲೆಯೂ ಹುಟ್ಟುವುದಿಲ್ಲ. ಅದಕ್ಕೆ ಬದಲಾಗಿ ಉದ್ದ ಮತ್ತು ಅಗಲವನ್ನು ಗುಣಿಸದೆ ಕೂಡಿ, ಅಂಗುಲಕ್ಕೆ 120 ರೂಪಾಯಿಯಂತೆ ಲೆಕ್ಕ ಹಾಕಿದರೆ ಚಿಕ್ಕದರ ಬೆಲೆ ಅದೇ 2,880 ಇದ್ದು, ದೊಡ್ಡದರ ಬೆಲೆ 10,080ಕ್ಕೆ ಇಳಿಯುತ್ತದೆ. ಇವೆರಡರ ನಡುವೆ ತಮ್ಮ ಕೆಲಸಕ್ಕೆ ಹೊಂದುವ ದರವನ್ನು ಕಂಡುಕೊಳ್ಳಿ ಎಂದು ಅವರು ಹೇಳಿದ್ದು ಸರಿಯಾಗಿಯೇ ಇದೆ.

ಆದರೆ ಈ ಎರಡೂ ಲೆಕ್ಕಗಳು ಕ್ಯಾನ್ವಾಸಿನ ಮೇಲೆ ಬರೆಯುವ ಇಂದಿನ ಶೈಲಿಯ ಚಿತ್ರಗಳಿಗಷ್ಟೇ ಹೊಂದುತ್ತವೆ. ಮೈಸೂರು ಶೈಲಿಯ ಚಿತ್ರದಲ್ಲಿ ಅಳತೆಗಿಂತ ಆಕೃತಿಗಳ ಸಂಖ್ಯೆ, ಗೆಸ್ಸೊ (ರೇಕಿನ ಕೆಳಗೆ ಉಬ್ಬು ಮೂಡಿಸಲು ಹಚ್ಚುವ ಅಂಟಿನ ಲೇಪ) ಕೆಲಸದ ನವುರು, ಚಿನ್ನದ ರೇಕಿನ ಪ್ರಮಾಣ ಇವು ಬೆಲೆಯನ್ನು ನಿರ್ಧರಿಸುತ್ತವೆ. ಅಂಗೈ ಅಗಲದ ಜಾಗದಲ್ಲಿ ಹತ್ತಾರು ಮುಖಗಳನ್ನು ತುಂಬಬೇಕಾದ ಶ್ರೀರಾಮ ಪಟ್ಟಾಭಿಷೇಕವು ಅದರ ಮೂರರಷ್ಟು ದೊಡ್ಡದಾದ, ಒಂಟಿ ಆಕೃತಿಯ ಸರಸ್ವತಿಗಿಂತ ಹೆಚ್ಚು ದಿನಗಳನ್ನು ಬೇಡುತ್ತದೆ. ಇದನ್ನು ನಾನು ಹೇಳಿದಾಗ ತರಬೇತುದಾರರು ಬೇಸರಪಡದೆ ಕೇಳಿ, ನನ್ನ ಜೊತೆಯಲ್ಲಿ ಕುಳಿತು ದಿನದ ಕೂಲಿ, ರೇಕಿನ ಖರ್ಚು, ಗಾಜು ಮತ್ತು ಕಟ್ಟಿನ ಖರ್ಚು ಎಂದು ಬೇರೆಬೇರೆ ಬರೆದು ಹೊಸ ಲೆಕ್ಕವೊಂದನ್ನು ಮಾಡಿಕೊಟ್ಟರು. ಅವರ ಸೌಜನ್ಯಕ್ಕೆ ನಾನು ಋಣಿ. ಹೀಗಿದ್ದರೂ ಮೈಸೂರು ಚಿತ್ರ, ಫೋಟೊ ನೋಡಿ ಬರೆಯುವ ಭಾವಚಿತ್ರ, ದೇವಸ್ಥಾನದ ಗೋಡೆಯ ಕೆಲಸ, ಮಣ್ಣಿನ ಗಣಪತಿ, ಮನೆಪಾಠ, ಇವುಗಳಿಂದಲೇ ಕರ್ನಾಟಕದ ಬಹುಪಾಲು ಕಲಾವಿದರ ಒಲೆ ಉರಿಯುತ್ತದೆ ಎಂಬ ಅರಿವು ಪಠ್ಯವನ್ನು ಸಿದ್ಧಪಡಿಸುವ ಹಂತದಲ್ಲೇ ಇರಬೇಕಿತ್ತು. ಇಡೀ ದಿನದ ಉದಾಹರಣೆಗಳೆಲ್ಲ ಗ್ಯಾಲರಿ ಮತ್ತು ಇನ್‌ಸ್ಟಾಗ್ರಾಂಗಳ ಸುತ್ತಲೇ ಇದ್ದವು.

ಗ್ಯಾಲರಿಗಳ ಜೊತೆಗಿನ ವ್ಯವಹಾರವನ್ನು ಹೇಳಿಕೊಟ್ಟ ಮೂರನೆಯ ಭಾನುವಾರ ಉಪಯುಕ್ತವಾಗಿತ್ತು. ಮಾರಾಟವಾದರೆ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ಕಮಿಷನ್ ಕೇಳುವುದು ವಾಡಿಕೆ. ಅದು ನಮಗೆ ಗೊತ್ತಿದ್ದದ್ದೇ. ಗಿರಾಕಿಗೆ ಕೊಡುವ ರಿಯಾಯಿತಿ ಯಾರ ಪಾಲಿನಿಂದ ಹೋಗಬೇಕೆಂಬುದನ್ನು ನಮ್ಮಲ್ಲಿ ಯಾರೂ ಬರೆಸಿಕೊಂಡಿರಲಿಲ್ಲ. 20,000 ರೂಪಾಯಿಯ ಚಿತ್ರಕ್ಕೆ ನೂರಕ್ಕೆ ನಲವತ್ತು ಕಮಿಷನ್ ಎಂದಿಟ್ಟುಕೊಂಡರೆ ಕಲಾವಿದರಿಗೆ 12,000 ಬರಬೇಕು. ಗ್ಯಾಲರಿಯವರು 2,000 ಬಿಟ್ಟುಕೊಟ್ಟು 18,000ಕ್ಕೆ ಮಾರಿ, ತಮ್ಮ ಕಮಿಷನ್ನನ್ನು ಮೂಲಬೆಲೆಯ ಮೇಲೆಯೇ ಹಿಡಿದರೆ ಕಲಾವಿದರ ಕೈಗೆ 10,000 ಬರುತ್ತದೆ. ಮಾರಿದ ಬೆಲೆಯ ಮೇಲೆ ಹಿಡಿದರೆ 10,800 ಬರುತ್ತದೆ. ವರ್ಷಕ್ಕೆ ಇಪ್ಪತ್ತು ಚಿತ್ರ ಹೋಗುವವರಿಗೆ ಈ ವ್ಯತ್ಯಾಸ ಒಂದು ತಿಂಗಳ ಬಾಡಿಗೆಯಷ್ಟಾಗುತ್ತದೆ. ಮಾರಾಟವಾಗದ ಚಿತ್ರಗಳನ್ನು ಯಾವ ದಿನಾಂಕದೊಳಗೆ, ಯಾರ ಖರ್ಚಿನಲ್ಲಿ ಹಿಂದಿರುಗಿಸಬೇಕು ಎಂಬುದನ್ನು ಬರೆಸಿಕೊಳ್ಳದೆ ಒಂದೇ ಒಂದು ಚಿತ್ರವನ್ನೂ ಮನೆಯಿಂದ ಹೊರಗೆ ಕಳುಹಿಸಬೇಡಿ ಎಂಬ ಮಾತನ್ನು ನಾನು ಅಂದಿನಿಂದ ಪಾಲಿಸುತ್ತಿದ್ದೇನೆ.

ಅದೇ ದಿನ ಚಿತ್ರಸಂತೆಯ ಬಗ್ಗೆ ಆಡಿದ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಕರ್ನಾಟಕ ಚಿತ್ರಕಲಾ ಪರಿಷತ್ತು ಪ್ರತಿ ವರ್ಷ ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಈ ಒಂದು ದಿನದ ಸಂತೆಯನ್ನು ತರಬೇತುದಾರರು ಅಗ್ಗದ ಮಾರಾಟದ ಜಾಗವೆಂದು ಎರಡೇ ಮಾತಿನಲ್ಲಿ ತಳ್ಳಿಹಾಕಿದರು. ಗ್ಯಾಲರಿಯ ಬಾಗಿಲು ದಾಟಲು ಹಿಂಜರಿಯುವ ಸಂಸಾರಗಳು ಮಕ್ಕಳ ಕೈಹಿಡಿದು ಬಂದು, ಬರೆದವರನ್ನೇ ಮಾತನಾಡಿಸಿ, ಮೊದಲ ಬಾರಿಗೆ ಚಿತ್ರವೊಂದನ್ನು ಕೊಳ್ಳುವ ಸ್ಥಳ ಅದು. ಅಲ್ಲಿ ನನ್ನಿಂದ 1,500 ರೂಪಾಯಿಯ ಜಲವರ್ಣವನ್ನು ಕೊಂಡ ಬ್ಯಾಂಕ್ ಉದ್ಯೋಗಿಯೊಬ್ಬರು ಮೂರು ವರ್ಷಗಳ ನಂತರ ಗೃಹಪ್ರವೇಶಕ್ಕೆಂದು ದೊಡ್ಡ ರಾಜರಾಜೇಶ್ವರಿಯನ್ನು ಬರೆಸಿದರು. ಕೊಂಡವರ ಹೆಸರು, ಊರು, ಕೊಂಡ ಚಿತ್ರದ ವಿವರಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡದ್ದರಿಂದ ಇದು ಸಾಧ್ಯವಾಯಿತು. ಸಂತೆಗೆ ಹೇಗೆ ಸಿದ್ಧರಾಗಬೇಕು, ಎಷ್ಟು ಚಿಕ್ಕ ಚಿತ್ರಗಳನ್ನು ಒಯ್ಯಬೇಕು, ಬಂದವರ ಸಂಪರ್ಕವನ್ನು ಹೇಗೆ ಉಳಿಸಿಕೊಳ್ಳಬೇಕು ಎಂಬುದಕ್ಕೆ ಅರ್ಧ ದಿನವನ್ನಾದರೂ ಮೀಸಲಿಟ್ಟಿದ್ದರೆ ನಮಗೆ ದೊಡ್ಡ ಉಪಕಾರವಾಗುತ್ತಿತ್ತು.

ತೆರಿಗೆಯ ತರಗತಿ ಅವಸರದ್ದು. ಸರಕು ಮಾರುವವರಿಗೆ ಕರ್ನಾಟಕದಲ್ಲಿ ವರ್ಷಕ್ಕೆ 40 ಲಕ್ಷ, ಸೇವೆ ಒದಗಿಸುವವರಿಗೆ 20 ಲಕ್ಷ ರೂಪಾಯಿ ವಹಿವಾಟು ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ ಎಂಬುದು ಹಲವರ ಅಳುಕನ್ನು ಹೋಗಲಾಡಿಸಿತು. ಆದರೆ ಹಂಚಿದ ಟಿಪ್ಪಣಿಯಲ್ಲಿ ಕೈಯಿಂದ ಬರೆದ ವರ್ಣಚಿತ್ರಗಳ ಮೇಲಿನ ತೆರಿಗೆ ನೂರಕ್ಕೆ 12 ಎಂದೇ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ನೂರಕ್ಕೆ 5ಕ್ಕೆ ಇಳಿದಿರುವುದನ್ನು ತರಗತಿಯಲ್ಲಿದ್ದ ಯುವಕನೊಬ್ಬನೇ ನೆನಪಿಸಬೇಕಾಯಿತು. ಹಣ ಪಡೆದು ಹಂಚುವ ಟಿಪ್ಪಣಿಯಲ್ಲಿ ಎರಡು ತಿಂಗಳ ಹಳೆಯ ದರ ಇರಬಾರದಿತ್ತು.

ಇನ್ನೊಂದು ಕೊರತೆ ಭಾಷೆಯದ್ದು. ಪಾಠಗಳು ಹೆಚ್ಚಾಗಿ ಕನ್ನಡದಲ್ಲಿಯೇ ನಡೆದವು, ಅದಕ್ಕಾಗಿ ಸಂಘಟಕರನ್ನು ಮನಸಾರೆ ಅಭಿನಂದಿಸುತ್ತೇನೆ. ಆದರೆ ಕೈಗೆ ಕೊಟ್ಟ ಒಪ್ಪಂದದ ಮಾದರಿಗಳು ಮೂರೂ ಇಂಗ್ಲಿಷಿನಲ್ಲಿದ್ದವು. ಕನ್ನಡದ ಮಾದರಿಗಳನ್ನು ಒಂದು ತಿಂಗಳೊಳಗೆ ಕಳುಹಿಸುವುದಾಗಿ ಹೇಳಿದ್ದರು, ಬರಲಿಲ್ಲ. ದೇವಸ್ಥಾನದ ಧರ್ಮದರ್ಶಿಗಳ ಮುಂದೆಯೋ ಶಾಲೆಯ ಮುಖ್ಯೋಪಾಧ್ಯಾಯರ ಮುಂದೆಯೋ ಇಂಗ್ಲಿಷ್ ಕಾಗದವನ್ನು ಇಟ್ಟರೆ ಅವರು ಅನುಮಾನದಿಂದ ನೋಡುವುದು ಸಹಜ. ಕೊನೆಗೆ ಗದಗದ ಮೇಷ್ಟ್ರು, ಮಂಡ್ಯದ ಒಬ್ಬ ಭಿತ್ತಿಚಿತ್ರಕಾರರು ಮತ್ತು ನಾನು ಕೂಡಿ ಕೆಲಸ ವಹಿಸುವ ಪತ್ರದ ಮಾದರಿಯೊಂದನ್ನು ಕನ್ನಡದಲ್ಲಿ ಬರೆದೆವು. ವಕೀಲೆಯವರು ಹೆಚ್ಚಿನ ಹಣ ಕೇಳದೆ ಅದನ್ನು ತಿದ್ದಿಕೊಟ್ಟರು. ಶಿಬಿರದ ನಂತರ ಪ್ರತಿಯೊಬ್ಬರಿಗೂ ಅರ್ಧ ಗಂಟೆಯ ವೈಯಕ್ತಿಕ ಸಲಹೆ ಸಿಗುತ್ತದೆಂದು ಪ್ರಕಟಣೆಯಲ್ಲಿತ್ತು. ನನಗೆ ದೊರೆತದ್ದು ಹತ್ತು ನಿಮಿಷದ ಫೋನ್ ಮಾತುಕತೆ.

ಈಗಷ್ಟೇ ಕಾಲೇಜು ಮುಗಿಸಿದವರು, ಬರೆಸುವವರಿಂದ ಒಂದಾದರೂ ಕೆಲಸ ಹಿಡಿದಿರುವವರು ಈ ಶಿಬಿರಕ್ಕೆ ಅವಶ್ಯವಾಗಿ ಹೋಗಬೇಕೆಂದು ನನ್ನ ಅಭಿಪ್ರಾಯ. ಮಾರಾಟ ಹೇಗೆ ಹೆಚ್ಚಿಸಬೇಕೆಂದು ಮಾತ್ರ ತಿಳಿಯಬಯಸುವವರಿಗೆ ಇದು ಅಷ್ಟು ನೆರವಾಗಲಾರದು. ಹೋಗುವವರು ತಮ್ಮ ಹಳೆಯ ಬಿಲ್ಲು, ಪತ್ರ, ಸಂದೇಶಗಳನ್ನೆಲ್ಲ ಜೊತೆಗೆ ಒಯ್ಯಲಿ, ಮತ್ತು ಕನ್ನಡದ ಮಾದರಿಗಳನ್ನು ಮೊದಲ ದಿನವೇ ಕೇಳಲಿ. ಶಿಬಿರ ಮುಗಿದ ಮೇಲೆ ಕಲ್ಯಾಣಮಂಟಪವೊಂದರವರು ದಶಾವತಾರದ ಹತ್ತು ಚಿತ್ರಗಳನ್ನು ಬರೆಸಲು ಬಂದಾಗ, ನಾವು ಮೂವರು ಸಿದ್ಧಪಡಿಸಿದ ಪತ್ರವನ್ನೇ ಅವರ ಮುಂದಿಟ್ಟೆ. ಅವರು ಎರಡು ಬಾರಿ ಓದಿ, ಅರ್ಧ ಮುಂಗಡದ ಮಾತಿಗೆ ಸ್ವಲ್ಪ ಚೌಕಾಸಿ ಮಾಡಿ, ಕೃತಿಸ್ವಾಮ್ಯದ ವಾಕ್ಯಕ್ಕೆ ಏನೂ ಹೇಳದೆ ರುಜು ಹಾಕಿದರು. ಮತ್ಸ್ಯ ಮತ್ತು ಕೂರ್ಮ ಮುಗಿದಿವೆ, ವರಾಹಕ್ಕೆ ಈಗ ರೇಕು ಅಂಟಿಸುತ್ತಿದ್ದೇನೆ.