ಕೊಬ್ಬು ತಡೆಯುವ ಕ್ಯಾಪ್ಸೂಲ್ ನನ್ನ ಥೈರಾಯ್ಡ್ ಮಾತ್ರೆಯನ್ನೂ ಕೆಡಿಸಿತು

ತೂಕ ಇಳಿಸೋಕೆ ಆರ್ಲಿಸ್ಟಾಟ್ ತಗೊಳ್ಳುತ್ತಿದ್ದೀರಾ? ಜೊತೆಗೆ ಥೈರಾಯ್ಡ್ ಮಾತ್ರೆಯೂ ಇದೆಯಾ? ಹಾಗಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ.

ನಾನು ಹಾಸನದವಳು. ಎಂಟು ವರ್ಷದಿಂದ ಬೆಳಗ್ಗೆ ಖಾಲಿ ಹೊಟ್ಟೆಗೆ ಥೈರಾಯ್ಡ್ ಮಾತ್ರೆ ತಗೊಳ್ಳುತ್ತೇನೆ. ಗೌರಿ ಹಬ್ಬ ಮುಗಿದ ಮೇಲೆ ನಾದಿನಿ ಫೋನ್ ಮಾಡಿ, "ಅತ್ತಿಗೆ, ಈ ಕ್ಯಾಪ್ಸೂಲ್ ತಗೊಳ್ಳಿ, ತಿಂದ ಕೊಬ್ಬು ಹಾಗೇ ಹೊರಗೆ ಹೋಗುತ್ತೆ" ಅಂದಳು. ಮೆಡಿಕಲ್‌ನಲ್ಲಿ ಚೀಟಿ ಕೇಳಲಿಲ್ಲ. "ಊಟದ ಜೊತೆ ಮೂರು ಹೊತ್ತು ಅಕ್ಕಾ" ಅಂತ ಕವರಿಗೆ ಹಾಕಿ ಕೊಟ್ಟರು. ಬೇರೆ ಯಾವ ಮಾತ್ರೆ ಇದೆ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಎರಡು ವಾರಕ್ಕೇ ಹೊಟ್ಟೆ ಗುಡುಗುಡು ಶುರುವಾಯಿತು. ಕಮೋಡಿನ ನೀರಿನ ಮೇಲೆ ಕೇಸರಿ ಬಣ್ಣದ ಎಣ್ಣೆ ಹನಿಗಳು, ಮಟನ್ ಸಾರಿನ ಮೇಲೆ ತೇಲುತ್ತಲ್ಲ, ಹಾಗೇ. ಎರಡು ಸಲ ನೀರು ಬಿಟ್ಟರೂ ಅಂಚಿನಲ್ಲಿ ಜಿಡ್ಡು ಅಂಟಿಕೊಂಡೇ ಇರುತ್ತಿತ್ತು. ಕೊಬ್ಬು ಕರಗಿ ಹೋಗುತ್ತಿದೆ ಅಂತ ಖುಷಿಪಟ್ಟೆ. ಅದು ನನ್ನ ಮೈಯ ಕೊಬ್ಬಲ್ಲ, ಹಿಂದಿನ ದಿನ ತಿಂದ ಎಣ್ಣೆ ಅಂತ ಆಗ ಗೊತ್ತಿರಲಿಲ್ಲ.

ದೀಪಾವಳಿ ಹೊತ್ತಿಗೆ ಹಾಸನಾಂಬೆ ದರ್ಶನಕ್ಕೆ ಹೋದೆವು. ಹಿಂದಿನ ದಿನ ಕಜ್ಜಾಯ, ತುಪ್ಪ ಎಲ್ಲ ಆಗಿತ್ತು. ಸಾಲಿನಲ್ಲಿ ಮೂರು ಗಂಟೆ ನಿಂತಿದ್ದೆ, ಎರಡೂ ಕಡೆ ಬ್ಯಾರಿಕೇಡ್. ಇದ್ದಕ್ಕಿದ್ದಂತೆ ಅವಸರವಾಯಿತು, ತಡೆದುಕೊಳ್ಳಲು ಆಗಲಿಲ್ಲ. ಸೀರೆಗೆ ಕಲೆಯಾಯಿತು. ಅತ್ತೆಯವರು ತಮ್ಮ ಶಾಲು ಬಿಚ್ಚಿ ನನ್ನ ಸೊಂಟಕ್ಕೆ ಸುತ್ತಿ, ಕೈ ಹಿಡಿದು ಹೊರಗೆ ಕರೆದುಕೊಂಡು ಬಂದರು. ವರ್ಷಕ್ಕೊಮ್ಮೆ ತೆರೆಯುವ ಬಾಗಿಲು. ಆ ವರ್ಷ ಅಮ್ಮನ ಮುಖ ನೋಡಲಿಲ್ಲ.

ಆದರೆ ನಿಜವಾದ ತೊಂದರೆ ಬೇರೆಯೇ ಇತ್ತು. ಸುಸ್ತು, ಕೂದಲು ಉದುರುವುದು, ಬಿಸಿಲಲ್ಲೂ ಚಳಿ. ರಕ್ತ ಪರೀಕ್ಷೆ ಮಾಡಿಸಿದರೆ ಟಿಎಸ್‌ಎಚ್ (ಮೈಯಲ್ಲಿ ಥೈರಾಯ್ಡ್ ಹಾರ್ಮೋನ್ ಕಡಿಮೆಯಾದರೆ ಏರುವ ಅಂಕಿ) 14. ಜೂನ್‌ನಲ್ಲಿ 3 ಇತ್ತು. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ: "ಹೊಸದಾಗಿ ಏನಾದ್ರೂ ತಗೊಳ್ತಿದ್ದೀರಾ ಅಮ್ಮ?"

ಅವರು ಬಿಡಿಸಿ ಹೇಳಿದ್ದು ಹೀಗೆ. ನಾವು ತಿಂದ ಎಣ್ಣೆ, ತುಪ್ಪ ಇದ್ದ ಹಾಗೇ ಕರುಳಿನಿಂದ ಒಳಗೆ ಹೋಗುವುದಿಲ್ಲ. ಲೈಪೇಸ್ ಅನ್ನೋ ಕಿಣ್ವ ಅದನ್ನು ಚಿಕ್ಕದಾಗಿ ಒಡೆಯಬೇಕು. ಆರ್ಲಿಸ್ಟಾಟ್ ಆ ಲೈಪೇಸ್‌ಗೇ ಅಂಟಿಕೊಂಡು ಕೆಲಸ ನಿಲ್ಲಿಸುತ್ತೆ. 120 ಮಿಲಿಗ್ರಾಂ ಮೂರು ಹೊತ್ತು ತಗೊಂಡರೆ ತಿಂದ ಕೊಬ್ಬಿನಲ್ಲಿ ಸುಮಾರು 30% ಒಡೆಯದೆ ಹೊರಗೆ ಹೋಗುತ್ತೆ. ಔಷಧಿ ರಕ್ತಕ್ಕೆ ಸೇರುವುದು ತೀರಾ ಕಡಿಮೆ, ಕೆಲಸವೆಲ್ಲ ಹೊಟ್ಟೆ, ಕರುಳಿನಲ್ಲೇ. ಮೈಯಲ್ಲಿ ಆಗಲೇ ಕೂತಿರೋ ಕೊಬ್ಬನ್ನು ಅದು ಮುಟ್ಟುವುದೇ ಇಲ್ಲ. ಅನ್ನ, ಮುದ್ದೆ, ಸಕ್ಕರೆಯನ್ನೂ ತಡೆಯುವುದಿಲ್ಲ. ನಾನು ಕ್ಯಾಪ್ಸೂಲ್ ಇದೆಯಲ್ಲ ಅಂತ ಎರಡು ಅಕ್ಕಿ ರೊಟ್ಟಿ ಜಾಸ್ತಿ ತಿನ್ನುತ್ತಿದ್ದೆ. ತೂಕ ಇಳಿದದ್ದು ಒಂದೂವರೆ ಕೆಜಿ.

ಹೊರಗೆ ಹೋಗುವ ಕೊಬ್ಬಿನ ಜೊತೆ ಎ, ಡಿ, ಇ, ಕೆ ವಿಟಮಿನ್‌ಗಳೂ ಹೋಗುತ್ತವೆ. ಅದಕ್ಕೇ ಇದನ್ನು ಕೊಡುವ ಡಾಕ್ಟರ್ ಮಲಗುವಾಗ ವಿಟಮಿನ್ ಮಾತ್ರೆಯನ್ನೂ ಬರೆಯುತ್ತಾರೆ. ಥೈರಾಯ್ಡ್ ಮಾತ್ರೆಗೂ ಇದಕ್ಕೂ ಕನಿಷ್ಠ 4 ಗಂಟೆ ಅಂತರ ಬೇಕು, ಇಲ್ಲದಿದ್ದರೆ ಅದೂ ಮೈಗೆ ಸರಿಯಾಗಿ ಹತ್ತುವುದಿಲ್ಲ. ನಾನು 6 ಗಂಟೆಗೆ ಥೈರಾಯ್ಡ್ ಮಾತ್ರೆ ತಗೊಂಡು 7ಕ್ಕೆ ತಿಂಡಿ ಜೊತೆ ಇದನ್ನು ನುಂಗುತ್ತಿದ್ದೆ.

ರಕ್ತ ತೆಳು ಮಾಡುವ ವಾರ್ಫರಿನ್ ತಗೊಳ್ಳುವವರು, ಕಿಡ್ನಿ ಕಸಿಯಾಗಿ ಸೈಕ್ಲೋಸ್ಪೋರಿನ್ ತಗೊಳ್ಳುವವರು, ಕಿಡ್ನಿ ಕಲ್ಲು ಆದವರು ಡಾಕ್ಟರನ್ನು ಕೇಳದೆ ಇದನ್ನು ಮುಟ್ಟಲೇಬೇಡಿ. ಗರ್ಭಿಣಿಯರಿಗೆ ಇದು ಬೇಡವೇ ಬೇಡ. ಅಪರೂಪಕ್ಕೆ ಲಿವರ್‌ಗೆ ಪೆಟ್ಟು ಬೀಳುವುದೂ ಇದೆ: ಕಣ್ಣು ಹಳದಿಯಾದರೆ, ಮೂತ್ರ ಕಪ್ಪಾದರೆ ಅವತ್ತೇ ತೋರಿಸಿ. ಡಾಕ್ಟರ್ ನೋಡಿಯೇ ಬರೆದುಕೊಟ್ಟಿದ್ದರೆ ಸುಮ್ನೆ ಹೆದರಿ ಬಿಡಬೇಡಿ, ನಿಮ್ಮ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ.

ನನಗೆ ಕ್ಯಾಪ್ಸೂಲ್ ನಿಲ್ಲಿಸಿದ ಮೂರೇ ದಿನಕ್ಕೆ ಹೊಟ್ಟೆ ಸರಿಹೋಯಿತು. ಟಿಎಸ್‌ಎಚ್ 4ಕ್ಕೆ ಇಳಿಯಲು ಎರಡು ತಿಂಗಳು ಬೇಕಾಯಿತು. ನಾದಿನಿಗೂ ಫೋನ್ ಮಾಡಿ ಎಲ್ಲ ಹೇಳಿದೆ. ಅವಳೂ ವಿಟಮಿನ್ ಇಲ್ಲದೆ ಎಂಟು ತಿಂಗಳಿಂದ ತಗೊಳ್ಳುತ್ತಿದ್ದಳಂತೆ.